ಮೆಣಸಿನಕಾಯಿಯಿಂದ ರಕ್ತನಾಳದವರೆಗೆ: ಸೆಂಟ್-ಜಾರ್ಜಿ ತೆರೆದ ಖಾತೆ

ಬಾಸ್ಟನ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಸಮುದ್ರದಂಡೆಯಲ್ಲಿ ವುಡ್ಸ್ ಹೋಲ್ ಎಂಬ ಪುಟ್ಟ ಊರು ಸಿಗುತ್ತದೆ. ಮಾರ್ಥಾಸ್ ವಿನ್‌ಯಾರ್ಡ್ ದ್ವೀಪಕ್ಕೆ ಹಡಗು ಹೊರಡುವ ಊರೆಂದೇ ಇಲ್ಲಿನ ಕನ್ನಡಿಗರಿಗೆ ಅದರ ಪರಿಚಯ. ನೊಬೆಲ್ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜಾರ್ಜಿ ಬದುಕಿನ ಕೊನೆಯ ಸುಮಾರು ನಾಲ್ಕು ದಶಕಗಳನ್ನು ಕಳೆದದ್ದು ಈ ಊರಿನಲ್ಲಿ. ಅವರೂ ನಮ್ಮ ಹಾಗೆ ಹೊರಗಿನಿಂದ ಬಂದವರು.

1893ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಅವರು ವೈದ್ಯಕೀಯ ಓದುತ್ತಿದ್ದಾಗಲೇ ಮೊದಲ ಮಹಾಯುದ್ಧಕ್ಕೆ ಹೋಗಬೇಕಾಯಿತು. ಅಲ್ಲಿನ ಸಾವುನೋವಿಗೆ ರೋಸಿ, ತಮ್ಮ ತೋಳಿಗೆ ತಾವೇ ಗುಂಡು ಹೊಡೆದುಕೊಂಡು ಊರಿಗೆ ಮರಳಿ ಪದವಿ ಮುಗಿಸಿದರು. ಮುಂದೆ ನೆದರ್ಲೆಂಡ್ಸ್, ಕೇಂಬ್ರಿಜ್‌ಗಳಲ್ಲಿ ದುಡಿಯುವಾಗ ಪ್ರಾಣಿಗಳ ಅಡ್ರಿನಲ್ ಗ್ರಂಥಿಯಿಂದ ಒಂದು ಆಮ್ಲವನ್ನು ಬೇರ್ಪಡಿಸಿದರು. ಅದು ಸಿಗುತ್ತಿದ್ದುದು ಚೂರುಪಾರು ಮಾತ್ರ.

ತಾಯ್ನಾಡಿನ ಸೆಗೆಡ್‌ಗೆ ಮರಳಿದ ಮೇಲೆ ಅದೃಷ್ಟ ತಿರುಗಿತು. ನಮ್ಮ ಬ್ಯಾಡಗಿಯಂತೆ ಸೆಗೆಡ್ ಕೂಡ ಕೆಂಪು ಮೆಣಸಿನಕಾಯಿಗೆ ಹೆಸರಾದ ಊರು. ಒಂದು ರಾತ್ರಿ ಹೆಂಡತಿ ಬಡಿಸಿದ ಮೆಣಸಿನಕಾಯಿಯನ್ನು ತಿನ್ನಲು ಮನಸ್ಸಾಗದೆ ಪ್ರಯೋಗಾಲಯಕ್ಕೆ ಒಯ್ದರಂತೆ. ಅದರಲ್ಲಿ ಅದೇ ಆಮ್ಲ ಧಾರಾಳವಾಗಿತ್ತು. ಅದೇ ವಿಟಮಿನ್ ಸಿ. 1937ರಲ್ಲಿ ನೊಬೆಲ್ ಬಂತು.

ಅದಕ್ಕೂ ಒಂದು ವರ್ಷ ಮೊದಲು ಅವರು ಇನ್ನೊಂದು ಸಂಗತಿ ಗಮನಿಸಿದ್ದರು. ಸೂಕ್ಷ್ಮ ರಕ್ತನಾಳ ಸೋರುವ ಕೆಲವು ರೋಗಿಗಳಿಗೆ ಶುದ್ಧ ವಿಟಮಿನ್ ಸಿ ನಾಟಲಿಲ್ಲ; ಮೆಣಸಿನಕಾಯಿಯ ಸಾರ, ನಿಂಬೆರಸ ನಾಟಿದವು. ಕಾರಣ ಫ್ಲೇವನಾಯ್ಡ್ ಎಂಬ ಸಸ್ಯಸತ್ವ ಎಂದು ಭಾವಿಸಿ, ಅದಕ್ಕೆ ವಿಟಮಿನ್ ಪಿ ಎಂದು ಹೆಸರಿಟ್ಟರು. ಆದರೆ ಅದು ವಿಟಮಿನ್ ಎಂದು ಸಾಬೀತಾಗಲಿಲ್ಲ, ಪಟ್ಟಿಯಿಂದ ಹೆಸರು ಹೋಯಿತು.

ಲೆಕ್ಕ ಪರಿಶೋಧಕನಾದ ನನಗೆ ಬಹಳ ಹಿಡಿಸಿದ್ದು ಅವರ ಬಹುಮಾನದ ಹಣದ ಕಥೆ. ಯುದ್ಧವಾದರೆ ಬೆಲೆ ಏರುವ ಷೇರು ಕೊಂಡರೆ ಮನಸ್ಸು ಯುದ್ಧವನ್ನೇ ಬಯಸೀತೆಂದು ಹೆದರಿ, ಬೆಲೆ ಇಳಿಯುವ ಷೇರುಗಳನ್ನೇ ಕೊಂಡು ಹಣ ಕಳೆದುಕೊಂಡೆನೆಂದು ಅವರು ಬರೆದುಕೊಂಡಿದ್ದಾರೆ. ನಾಜಿಗಳ ವಿರುದ್ಧ 1943ರಲ್ಲಿ ಇಸ್ತಾಂಬುಲ್‌ನಲ್ಲಿ ಗುಟ್ಟಾಗಿ ಮಾತುಕತೆ ನಡೆಸಿದರು, ತಲೆಮರೆಸಿಕೊಂಡು ಬದುಕಿದರು. 1947ರಲ್ಲಿ ಅಮೆರಿಕಕ್ಕೆ ಬಂದರು.

ವಿಟಮಿನ್ ಪಿ ಹೆಸರು ಅಳಿದರೂ ಖಾತೆ ಮುಚ್ಚಲಿಲ್ಲ. ರಕ್ತನಾಳದ ಒಳಪದರದ ಕೋಶಗಳು ನಾಳವನ್ನು ಸಡಿಲಿಸುತ್ತವೆ ಎಂಬುದನ್ನು 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದರು. ಆ ಕೆಲಸ ಮಾಡುವುದು ನೈಟ್ರಿಕ್ ಆಕ್ಸೈಡ್ ಎಂಬುದು ನಂತರ ತಿಳಿಯಿತು. ಈ ಪದರ ಕೆಟ್ಟಲ್ಲಿ ಬಿಳಿ ರಕ್ತಕಣ ಅಂಟಿ, ಕೊಬ್ಬು ಸೇರಿ ನಾಳ ಗಟ್ಟಿಯಾಗುತ್ತದೆ. ಕೆಲವು ಫ್ಲೇವನಾಯ್ಡ್‌ಗಳು ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ, ಅಂಟುವುದನ್ನು ತಗ್ಗಿಸುವುದು ಪ್ರಯೋಗಾಲಯದಲ್ಲಿ ಕಂಡಿದೆ. ನೆದರ್ಲೆಂಡ್ಸ್‌ನ ಜುಟ್ಫೆನ್‌ನಲ್ಲಿ 805 ಹಿರಿಯ ಪುರುಷರನ್ನು ಗಮನಿಸಿದ 1993ರ ವರದಿಯಲ್ಲಿ, ಚಹಾ, ಈರುಳ್ಳಿ, ಸೇಬಿನಿಂದ ಫ್ಲೇವನಾಯ್ಡ್ ಹೆಚ್ಚು ಪಡೆದವರಲ್ಲಿ ಹೃದಯರೋಗದ ಸಾವು ಕಡಿಮೆಯಿತ್ತು. ಆದರೆ 21,442 ಜನರಿಗೆ ಕೋಕೋ ಸತ್ವ ಅಥವಾ ಹುಸಿ ಮಾತ್ರೆ ಕೊಟ್ಟು ಹೋಲಿಸಿದ 2022ರ ಅಮೆರಿಕದ ಅಧ್ಯಯನದಲ್ಲಿ, ಹೃದಯ ಮತ್ತು ರಕ್ತನಾಳದ ಒಟ್ಟು ತೊಂದರೆಗಳು ಖಚಿತವಾಗಿ ತಗ್ಗಲಿಲ್ಲ. ಆ ಕಾರಣದ ಸಾವುಗಳು ಮಾತ್ರ ಕಡಿಮೆ ಕಂಡವು.

ದಕ್ಷಿಣ ಏಷ್ಯಾ ಮೂಲದವರಿಗೆ ಹೃದ್ರೋಗದ ಅಪಾಯ ಹೆಚ್ಚೆಂದು ಇಲ್ಲಿನ ವೈದ್ಯರ ಮಾರ್ಗಸೂಚಿಯೇ ಹೇಳುತ್ತದೆ. ಹಾಗಾಗಿ ಈರುಳ್ಳಿ, ಸೇಬು, ಸೊಪ್ಪು ತಟ್ಟೆಯಲ್ಲಿರಲಿ. ಆದರೆ ಸಸ್ಯಸತ್ವದ ಸೀಸೆ ನಂಬಿ ವೈದ್ಯರು ಕೊಟ್ಟ ಸ್ಟ್ಯಾಟಿನ್ ಮಾತ್ರೆ ಬಿಡಬೇಡಿ. 1986ರ ಅಕ್ಟೋಬರ್ 22ರಂದು ಸೆಂಟ್-ಜಾರ್ಜಿ ವುಡ್ಸ್ ಹೋಲ್‌ನಲ್ಲೇ ತೀರಿಕೊಂಡರು. ಅವರು ತೆರೆದ ಖಾತೆಯ ಅಂತಿಮ ಲೆಕ್ಕ ಇನ್ನೂ ಆಗಬೇಕಿದೆ.