ಮಿನ್ನೆಸೋಟದ ಬಿಳಿ ಮನೆ ಮತ್ತು ಮಾಣಿಕ್ಯದ ಪಾದರಕ್ಷೆ

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದಲ್ಲಿ, ಮಿಸಿಸಿಪ್ಪಿ ನದಿಯು ಇನ್ನೂ ಎಳೆಯ ಹೊಳೆಯಂತೆ ಹರಿಯುವೆಡೆ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಪಟ್ಟಣವಿದೆ. ಕಾಗದದ ಕಾರ್ಖಾನೆ, ಸುತ್ತಲಿನ ಸರೋವರಗಳು ಮತ್ತು ಸಮೀಪದ ಕಬ್ಬಿಣದ ಅದಿರಿನ ಗಣಿಗಳಿಂದ ಹೆಸರಾದ ಈ ಊರಿಗೆ ಪ್ರವಾಸಿಗರು ಬರುವುದು ಮತ್ತೊಂದು ಕಾರಣಕ್ಕಾಗಿ. ಹೆದ್ದಾರಿಯ ಪಕ್ಕದಲ್ಲಿರುವ ಬಿಳಿಯ ಬಣ್ಣದ, ಎರಡಂತಸ್ತಿನ ಮರದ ಮನೆಯೊಂದು ಅವರನ್ನು ಸೆಳೆಯುತ್ತದೆ. ಹಾಲಿವುಡ್‌ನ ಅಸಾಮಾನ್ಯ ಗಾಯಕಿ ಹಾಗೂ ನಟಿ ಜೂಡಿ ಗಾರ್ಲಂಡ್ ಬಾಲ್ಯದ ಮೊದಲ ನಾಲ್ಕು ವರ್ಷಗಳನ್ನು ಕಳೆದದ್ದು ಈ ಮನೆಯಲ್ಲಿ. ಈಗ ಅದಕ್ಕೆ ಹೊಂದಿಕೊಂಡಂತೆಯೇ ವಸ್ತುಸಂಗ್ರಹಾಲಯವಿದೆ.

ಮನೆ ಈಗಿರುವುದು ಮೊದಲಿದ್ದ ಜಾಗದಲ್ಲಲ್ಲ. ಇಡೀ ಕಟ್ಟಡವನ್ನೇ ಎತ್ತಿ ತಂದು ಇಲ್ಲಿ ನಿಲ್ಲಿಸಿ, 1920ರ ದಶಕದ ಸಾಧಾರಣ ಕುಟುಂಬವೊಂದರ ವಾಸದ ಮನೆಯಂತೆ ಮರಳಿ ಸಜ್ಜುಗೊಳಿಸಲಾಗಿದೆ. ನೋಡಬಂದವರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮಹಡಿಯ ಮೆಟ್ಟಿಲುಗಳ ನಡುವಿನ ತಿರುವಿನಲ್ಲಿ. ಆ ಕಿರಿದಾದ ಹಲಗೆಯೇ ಮನೆಯ ಮೂವರು ಹೆಣ್ಣುಮಕ್ಕಳಿಗೆ ರಂಗಮಂಚವಾಗಿತ್ತು.

ಜೂಡಿಯ ನಿಜವಾದ ಹೆಸರು ಫ್ರಾನ್ಸೆಸ್ ಎಥೆಲ್ ಗಮ್. ಜನನ 1922ರ ಜೂನ್ 10. ತಂದೆ ಫ್ರ್ಯಾಂಕ್ ಗಮ್ ಮತ್ತು ತಾಯಿ ಎಥೆಲ್ ಇಬ್ಬರೂ ವಾಡ್‌ವಿಲ್ ಎಂಬ ವಿನೋದಾವಳಿ ರಂಗಭೂಮಿಯಿಂದ ಬಂದವರು. ಊರಿನ ಚಿತ್ರಮಂದಿರವನ್ನು ತಂದೆ ನಡೆಸುತ್ತಿದ್ದರು. ಅದು ಮೂಕಿ ಚಿತ್ರಗಳ ಕಾಲ; ತಾಯಿ ಪಿಯಾನೊ ನುಡಿಸುತ್ತಿದ್ದರು, ಪ್ರದರ್ಶನಗಳ ನಡುವೆ ಹಿರಿಯ ಮಕ್ಕಳಿಬ್ಬರು ಹಾಡುತ್ತಿದ್ದರು. 1924ರ ಕ್ರಿಸ್ಮಸ್ ಸಮಯದಲ್ಲಿ ಎರಡೂವರೆ ವರ್ಷದ ಕಿರಿಯ ಮಗಳೂ ವೇದಿಕೆ ಏರಿದಳು. ಹಬ್ಬದ ಹಾಡೊಂದನ್ನು ಮತ್ತೆ ಮತ್ತೆ ಹಾಡುತ್ತ ಕೆಳಗಿಳಿಯಲು ಒಪ್ಪದಿದ್ದ ಮಗುವನ್ನು ಕಡೆಗೆ ಎತ್ತಿಕೊಂಡೇ ಹೋಗಬೇಕಾಯಿತಂತೆ.

1926ರಲ್ಲಿ ಕುಟುಂಬ ಕ್ಯಾಲಿಫೋರ್ನಿಯದ ಲ್ಯಾಂಕಸ್ಟರ್‌ಗೆ ವಲಸೆ ಹೋಯಿತು. ಅಲ್ಲಿಂದ ತಾಯಿಯ ಮಹತ್ವಾಕಾಂಕ್ಷೆಯೇ ಮನೆಯ ದಾರಿಯನ್ನು ನಿರ್ಧರಿಸತೊಡಗಿತು. ಮೂವರು ಸೋದರಿಯರು ಊರೂರು ಸುತ್ತಿದರು. 1934ರಲ್ಲಿ ಷಿಕಾಗೊದಲ್ಲಿ ಗಮ್ ಎಂಬ ಮನೆತನದ ಹೆಸರಿಗೆ ಸಭಿಕರು ನಕ್ಕಾಗ, ಗಾರ್ಲಂಡ್ ಎಂಬ ಹೊಸ ಹೆಸರು ಬಂದಿತು. ಮುಂದಿನ ವರ್ಷವೇ, ಹದಿಮೂರರ ಹರೆಯದ ಜೂಡಿಯೊಂದಿಗೆ ಎಂ.ಜಿ.ಎಂ. ಸಂಸ್ಥೆ ಕರಾರು ಮಾಡಿಕೊಂಡಿತು.

ಸಂತಸ ಎರಡು ತಿಂಗಳೂ ಬಾಳಲಿಲ್ಲ. 1935ರ ನವೆಂಬರ್‌ನಲ್ಲಿ ತಂದೆ ಮೆದುಳುಪೊರೆಯ ಉರಿಯೂತಕ್ಕೆ ತುತ್ತಾದರು. ಸಾವಿನ ಹಿಂದಿನ ರಾತ್ರಿ ಮಗಳು ರೇಡಿಯೊ ಕಾರ್ಯಕ್ರಮವೊಂದರಲ್ಲಿ ಹಾಡಿದಳು. ಆಸ್ಪತ್ರೆಯ ಹಾಸಿಗೆಯ ಬಳಿ ರೇಡಿಯೊ ಇರಿಸಲಾಗಿತ್ತು. ಬೆಳಗಾದ ಮೇಲೆ ಅವರು ಉಳಿಯಲಿಲ್ಲ.

ಆ ನಂತರದ ವರ್ಷಗಳು ಸ್ಟುಡಿಯೊ ವ್ಯವಸ್ಥೆಯ ಕ್ರೌರ್ಯಕ್ಕೆ ಸಾಕ್ಷಿಯಾಗಿವೆ. ಚಿತ್ರೀಕರಣ, ಪಾಠ, ತಾಲೀಮು ಎಲ್ಲವೂ ಒಂದೇ ಆವರಣದಲ್ಲಿ. ದುಂಡಗಿನ ಮೈಕಟ್ಟಿನ ಹುಡುಗಿ ತೆಳ್ಳಗಾಗಬೇಕೆಂದು ಊಟಕ್ಕೆ ಕತ್ತರಿ ಬಿತ್ತು. ಸೂಪು ಮತ್ತು ಹಾಲಿಲ್ಲದ ಕಾಫಿಯೇ ಗತಿಯಾಯಿತು. ದಣಿಯದೆ ದುಡಿಯಲು ಒಂದು ಮಾತ್ರೆ, ನಿದ್ರೆ ಬರಲು ಮತ್ತೊಂದು. ತಮಗೂ ಸಹನಟ ಮಿಕಿ ರೂನಿಗೂ ಇದೇ ಕ್ರಮವಿತ್ತೆಂದು ಜೂಡಿ ಮುಂದೆ ಹೇಳಿಕೊಂಡರು. ರೂನಿ ಅದನ್ನು ಒಪ್ಪಲಿಲ್ಲ. ಯಾರ ಮಾತು ಎಷ್ಟು ನಿಜವಾದರೂ, ಇಪ್ಪತ್ತು ತುಂಬುವ ಮೊದಲೇ ಆಕೆಗೆ ಮಾತ್ರೆಗಳ ಚಟ ಅಂಟಿದ್ದುದರಲ್ಲಿ ಸಂದೇಹವಿಲ್ಲ.

1939ರಲ್ಲಿ ತೆರೆಕಂಡ ದಿ ವಿಜ಼ರ್ಡ್ ಆಫ್ ಆಜ಼್ ಚಿತ್ರದ ಡೊರೊಥಿ ಪಾತ್ರ ಹದಿನಾರರ ಬಾಲೆಯನ್ನು ಜಗತ್ತಿನ ಮನೆಮಾತಾಗಿಸಿತು. ಪಾತ್ರದ ವಯಸ್ಸು ಇನ್ನೂ ಕಿರಿದಾದ್ದರಿಂದ ಎದೆಯನ್ನು ಬಿಗಿದು ಕಟ್ಟಿ ಆಕೆಯನ್ನು ಮಗುವಾಗಿಸಿದ್ದರು. ವಾರಕ್ಕೆ ಸಿಕ್ಕಿದ ಸಂಬಳ 500 ಡಾಲರ್. ಮೂಲ ಕಥೆಯಲ್ಲಿ ಡೊರೊಥಿಯದು ಬೆಳ್ಳಿಯ ಪಾದರಕ್ಷೆ; ಟೆಕ್ನಿಕಲರ್‌ನಲ್ಲಿ ಕಣ್ಣು ಕೋರೈಸಲೆಂದು ಅದನ್ನು ಮಾಣಿಕ್ಯದ ಕೆಂಪಾಗಿಸಿ, ಸಾವಿರಾರು ಚಮಕಿಗಳನ್ನು ಹೊಲಿದರು. ಈ ಪಾದರಕ್ಷೆಗಳು ಕಥಾನಾಯಕಿಯನ್ನು ಮನೆಗೆ ಮರಳಿಸುತ್ತವೆ. ನಟಿಗೆ ಮಾತ್ರ ಅಂತಹ ಮನೆ ಮತ್ತೆ ದೊರೆಯಲಿಲ್ಲ. ತಾರೆಯಾಗುವ ಹೊಸ್ತಿಲಲ್ಲಿದ್ದಾಗ, 1938ರಲ್ಲಿ, ಹುಟ್ಟೂರಿಗೊಮ್ಮೆ ಬಂದು ಹೋದದ್ದುಂಟು.

ಯಶಸ್ಸಿನ ಜತೆಜತೆಗೇ ಕುಸಿತವೂ ನಡೆಯಿತು. ಐದು ಮದುವೆಗಳು, ಮೂವರು ಮಕ್ಕಳು. ನಿರ್ದೇಶಕ ವಿನ್ಸೆಂಟ್ ಮಿನೆಲಿಯವರಿಂದ ಜನಿಸಿದ ಮಗಳೇ ಮುಂದೆ ಸ್ವತಃ ಪ್ರಸಿದ್ಧಳಾದ ಲೈಜ಼ಾ ಮಿನೆಲಿ. ಚಿತ್ರೀಕರಣಕ್ಕೆ ಗೈರುಹಾಜರಿ, ಅನಾರೋಗ್ಯ, ಆತ್ಮಹತ್ಯೆಯ ಪ್ರಯತ್ನಗಳ ನಡುವೆ 1950ರಲ್ಲಿ ಎಂ.ಜಿ.ಎಂ. ಜತೆಗಿನ ನಂಟು ಮುರಿಯಿತು. ಆಕೆ ಲಂಡನ್ ಮತ್ತು ನ್ಯೂಯಾರ್ಕ್‌ನ ವೇದಿಕೆಗಳಿಂದ ಮತ್ತೆ ಎದ್ದರು. 1954ರ ಎ ಸ್ಟಾರ್ ಈಸ್ ಬಾರ್ನ್ ಚಿತ್ರಕ್ಕೆ ಆಸ್ಕರ್ ಖಚಿತವೆಂದು ಬಹುಮಂದಿ ನಂಬಿದ್ದರು. ಹಿಂದಿನ ದಿನವಷ್ಟೇ ಮಗನನ್ನು ಹೆತ್ತಿದ್ದ ಅವರ ಆಸ್ಪತ್ರೆಯ ಕೋಣೆಗೆ ಟೆಲಿವಿಷನ್ ಕ್ಯಾಮರಾಗಳನ್ನೂ ತಂದಿರಿಸಿದ್ದರು. ಪ್ರಶಸ್ತಿ ಗ್ರೇಸ್ ಕೆಲಿಯವರ ಪಾಲಾಯಿತು. ಕ್ಯಾಮರಾಗಳನ್ನು ಬಿಚ್ಚಿಕೊಂಡು ಹೋದರು.

1961ರ ಏಪ್ರಿಲ್ 23ರಂದು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ನೀಡಿದ ಕಛೇರಿ ಅವರ ಬದುಕಿನ ಶಿಖರ. ಅದರ ಧ್ವನಿಮುದ್ರಣಕ್ಕೆ ವರ್ಷದ ಶ್ರೇಷ್ಠ ಆಲ್ಬಂ ಎಂಬ ಗ್ರ್ಯಾಮಿ ಸಂದಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ. ಎಂಟು ವರ್ಷಗಳ ತರುವಾಯ, 1969ರ ಜೂನ್ 22ರಂದು, ಲಂಡನ್ನಿನ ಬಾಡಿಗೆ ಮನೆಯಲ್ಲಿ ನಿದ್ರೆ ಮಾತ್ರೆ ಮಿತಿಮೀರಿ ನಿಧನರಾದರು. ವಯಸ್ಸು 47. ಅದು ಆಕಸ್ಮಿಕವೆಂದು ವಿಚಾರಣೆಯಲ್ಲಿ ನಿರ್ಧಾರವಾಯಿತು. ಅವರು ಬಿಟ್ಟುಹೋದದ್ದು ಸಾಲ ಮತ್ತು ತೆರಿಗೆ ಬಾಕಿ.

ಆದರೆ ಆ ಕೆಂಪು ಪಾದರಕ್ಷೆಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಈಗ ಉಳಿದಿರುವುದೆಂದು ತಿಳಿದಿರುವ ನಾಲ್ಕು ಜೊತೆಗಳಲ್ಲಿ ಒಂದನ್ನು ಖಾಸಗಿ ಸಂಗ್ರಾಹಕರೊಬ್ಬರು ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಸಂಗ್ರಹಾಲಯಕ್ಕೆ ಪ್ರದರ್ಶನಕ್ಕಾಗಿ ಎರವಲು ನೀಡಿದ್ದರು. 2005ರ ಆಗಸ್ಟ್‌ನ ಒಂದು ರಾತ್ರಿ ಕಳ್ಳನೊಬ್ಬ ಬಾಗಿಲ ಗಾಜನ್ನೂ ಪೆಟ್ಟಿಗೆಯನ್ನೂ ಸುತ್ತಿಗೆಯಿಂದ ಒಡೆದು ಅವನ್ನು ಒಯ್ದ. ಚಿಕ್ಕ ಊರಿನಲ್ಲಿ ಪಿಸುಮಾತಿಗೆ ಬರವೇ? ಒಳಗಿನವರದೇ ಕೈವಾಡವೆಂಬ ಶಂಕೆ ವರ್ಷಗಟ್ಟಲೆ ಕಾಡಿತು. ನೀರು ತುಂಬಿದ ಹಳೆಯ ಗಣಿ ಹೊಂಡಕ್ಕೆ 2015ರಲ್ಲಿ ಮುಳುಗುಗಾರರನ್ನೂ ಇಳಿಸಿದರು. ಏನೂ ಸಿಗಲಿಲ್ಲ.

2018ರಲ್ಲಿ ಎಫ್‌ಬಿಐ ಮಿನ್ನಿಯಾಪೊಲಿಸ್‌ನಲ್ಲಿ ಪಾದರಕ್ಷೆಗಳನ್ನು ವಶಪಡಿಸಿಕೊಂಡಿತು. ಕದ್ದವನು ಸುತ್ತಿನವನೇ ಆದ ಹಳೆಯ ಕಳ್ಳ. ಮಾಣಿಕ್ಯವೆಂಬ ಹೆಸರು ಕೇಳಿ, ಅವು ನಿಜವಾದ ಹರಳುಗಳೆಂದೇ ನಂಬಿದ್ದನಂತೆ. ಕದ್ದ ಮಾಲು ಕೊಳ್ಳುವವನು ಬರೀ ಗಾಜೆಂದಾಗ ಕೈತೊಳೆದುಕೊಂಡ. ಆತ ಆ ಚಿತ್ರವನ್ನು ನೋಡಿಯೇ ಇರಲಿಲ್ಲ. 2023ರಲ್ಲಿ ತಪ್ಪೊಪ್ಪಿಕೊಂಡ, ಗಾಲಿಕುರ್ಚಿ ಹಿಡಿದಿದ್ದ ಎಪ್ಪತ್ತಾರರ ರೋಗಿಷ್ಟನನ್ನು 2024ರ ಜನವರಿಯಲ್ಲಿ ನ್ಯಾಯಾಲಯ ಸೆರೆವಾಸಕ್ಕೆ ಕಳುಹಿಸಲಿಲ್ಲ.

ಅದೇ ವರ್ಷ ಡಿಸೆಂಬರ್ 7ರಂದು ಪಾದರಕ್ಷೆಗಳು ಹರಾಜಿಗೆ ಬಂದವು. ಮರಳಿ ಪಡೆಯುವ ಆಸೆಯಿಂದ ಊರಿನವರು ಹಣ ಕೂಡಿಸಿದರು, ರಾಜ್ಯ ಶಾಸನಸಭೆ ಒಂದು ಲಕ್ಷ ಡಾಲರ್ ಮಂಜೂರು ಮಾಡಿತು. ಕೂಗು ಕೆಲವೇ ನಿಮಿಷಗಳಲ್ಲಿ ಅವರ ಕೈಮೀರಿ ಏರಿತು. ಶುಲ್ಕ ಸೇರಿ 3.25 ಕೋಟಿ ಡಾಲರ್‌ಗೆ ಅವು ಹೆಸರು ಬಹಿರಂಗಗೊಳ್ಳದ ಖರೀದಿದಾರರ ಪಾಲಾದವು. ಸಂಗ್ರಹಾಲಯಕ್ಕೆ ಸಿಗಬೇಕೆಂದು ನ್ಯಾಯಾಲಯ ಆದೇಶಿಸಿದ್ದು ಕಳ್ಳನಿಂದ ಒಟ್ಟು 23,500 ಡಾಲರ್ ಪರಿಹಾರ; ಅದೂ ತಿಂಗಳಿಗೆ 300 ಡಾಲರ್‌ನಂತೆ, ಕಂತುಗಳಲ್ಲಿ.