ಶ್ರಾವಕಶ್ರೇಷ್ಠಿ ವಾಲಚಂದ ಹೀರಾಚಂದರು

ಕಾಮಸಮುದ್ರ, ಬಂಗಾರಪೇಟೆಗಳನ್ನು ಹಾದು ಬೆಂಗಳೂರನ್ನು ಸೇರುವ ರೈಲಿನಲ್ಲಿ ಓಡಾಡುವವರಿಗೆ ಅಲ್ಲಿಯ ವಿಮಾನ ಕಾರ್ಖಾನೆಯ ಹೆಸರು ಚಿರಪರಿಚಿತ. ಆದರೆ ಆ ಕಾರ್ಖಾನೆಯನ್ನು ಸ್ಥಾಪಿಸಿದವರು ಸೊಲ್ಲಾಪುರದ ಒಬ್ಬ ದಿಗಂಬರ ಜೈನ ಶ್ರಾವಕರೆಂಬುದನ್ನು ಬಲ್ಲವರು ವಿರಳ. ಅವರೇ ಶ್ರೇಷ್ಠಿ ವಾಲಚಂದ ಹೀರಾಚಂದ ದೋಶಿಯವರು.

ವಾಲಚಂದರು 1882ರ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಜನಿಸಿದರು. ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಆ ಊರು ಜೀವರಾಜ ಜೈನ ಗ್ರಂಥಮಾಲೆಯ ಮೂಲಕ ಧರ್ಮಬಂಧುಗಳಿಗೆ ಸುಪರಿಚಿತವಾದುದೇ. ಗುಜರಾತಿನಿಂದ ಬಂದು ಅಲ್ಲಿ ನೆಲೆಸಿದ ಮನೆತನ. ಹತ್ತಿಯ ವ್ಯಾಪಾರ ಮತ್ತು ಲೇವಾದೇವಿ ಕುಲವೃತ್ತಿ. ತಂದೆ ಹೀರಾಚಂದ ನೇಮಚಂದರು 'ಜೈನ ಬೋಧಕ' ಪತ್ರಿಕೆಯನ್ನು ಆರಂಭಿಸಿದ ಧರ್ಮಾನುರಾಗಿಗಳು. ಪುಣೆ, ಮುಂಬಯಿಗಳಲ್ಲಿ ಓದಿದ ಮಗನು ಬಿ.ಎ. ಪದವಿಯನ್ನು ಪೂರೈಸದೆಯೇ ವ್ಯವಹಾರಕ್ಕಿಳಿದನು.

ಕೊಂಡು ಮಾರುವುದರಲ್ಲಿ, ಬಡ್ಡಿಗೆ ಕೊಡುವುದರಲ್ಲಿ ವಾಲಚಂದರಿಗೆ ಮನಸ್ಸು ನಿಲ್ಲಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರ ಪಾಲುಗಾರಿಕೆಯಲ್ಲಿ ಬಾರ್ಸಿ ಲೈಟ್ ರೈಲ್ವೆಯ ಗುತ್ತಿಗೆಯನ್ನು ಹಿಡಿದರು. ಒಬ್ಬರಲ್ಲಿ ಕೆಲಸದ ಅನುಭವ, ಇನ್ನೊಬ್ಬರಲ್ಲಿ ಮನೆತನದ ಪತ್ತು. ಲೇವಾದೇವಿಯ ಕುಲದಲ್ಲಿ ಹುಟ್ಟಿದವನು ಕಲ್ಲುಮಣ್ಣಿನ ಗುತ್ತಿಗೆಗೆ ಕೈಹಾಕುವುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಇಂದಿಗೂ ಸಮಾಜದಲ್ಲಿ ಅಂಥವರು ಹೆಚ್ಚಿಲ್ಲವೆಂದರೆ ತಪ್ಪಾಗಲಾರದು.

ಅವರ ನಿಷ್ಠೆಯ ನಿಜವಾದ ಪರೀಕ್ಷೆ ಒದಗಿದುದು ಹಡಗಿನ ಉದ್ಯಮದಲ್ಲಿ. 1919ರಲ್ಲಿ ನರೋತ್ತಮ ಮೊರಾರ್ಜಿ ಮೊದಲಾದವರೊಡನೆ ಗ್ವಾಲಿಯರಿನ ಮಹಾರಾಜರಿಂದ 'ಲಾಯಲ್ಟಿ' ಎಂಬ ಹಡಗನ್ನು ಕೊಂಡು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿದರು. ಏಪ್ರಿಲ್ 5ರಂದು ಅದು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಿತು. ಈ ದಿನವನ್ನೇ ಭಾರತದಲ್ಲಿ ರಾಷ್ಟ್ರೀಯ ನೌಕಾಯಾನ ದಿನವನ್ನಾಗಿ ಆಚರಿಸುತ್ತಾರೆ. ಸಮುದ್ರವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಬ್ರಿಟಿಷ್ ಕಂಪನಿಗಳು ಇದನ್ನು ಸಹಿಸದೆ, ಸ್ವಂತ ನಷ್ಟವನ್ನೂ ಲೆಕ್ಕಿಸದೆ ಸಾಗಾಣಿಕೆಯ ದರವನ್ನು ಇಳಿಸಿದವು. ಬಳಿಕ ಅವುಗಳ ಮುಖಂಡರಾದ ಲಾರ್ಡ್ ಇಂಚ್‌ಕೇಪರು ಸಿಂಧಿಯಾ ಕಂಪನಿಯನ್ನೇ ಕೊಂಡುಬಿಡಲು ಮುಂದೆ ಬಂದರು. ನಷ್ಟದಲ್ಲಿದ್ದ ವರ್ತಕನಿಗೆ ಇದಕ್ಕಿಂತ ಸುಲಭವಾದ ಬಿಡುಗಡೆ ಬೇರೆ ಇರಲಾರದು. ಆದರೆ ವಾಲಚಂದರೂ ಅವರ ಸಂಗಡಿಗರೂ ಮಾರಲು ಒಪ್ಪಲಿಲ್ಲ. ದೇಶದ ಸರಕು ದೇಶದ ಹಡಗಿನಲ್ಲಿ ಹೋಗಬೇಕೆಂದು ಜನರ ಹಣವನ್ನು ಕೂಡಿಸಿದ ಮೇಲೆ, ಅದೇ ಹಡಗುಗಳನ್ನು ಪರಕೀಯರಿಗೆ ಒಪ್ಪಿಸುವುದೆಂತು? ಇದಕ್ಕೆ ತೆತ್ತ ಬೆಲೆ ಅಲ್ಪವಲ್ಲ. 1923ರಲ್ಲಿ ಹತ್ತು ವರ್ಷಗಳ ಕಾಲ ಕಂಪನಿಯ ಬೆಳವಣಿಗೆಯನ್ನೇ ಕಟ್ಟಿಹಾಕುವ ಒಪ್ಪಂದಕ್ಕೆ ಸಿಂಧಿಯಾ ಒಳಪಡಬೇಕಾಯಿತು. ನರೋತ್ತಮರು 1929ರಲ್ಲಿ ತೀರಿಕೊಂಡ ಮೇಲೆ ವಾಲಚಂದರು ಅಧ್ಯಕ್ಷರಾಗಿ 1950ರ ವರೆಗೆ ಅದನ್ನು ನಡೆಸಿದರು.

1939ರಲ್ಲಿ ವಿಮಾನಪ್ರಯಾಣದಲ್ಲಿದ್ದಾಗ, ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ವಿಲಿಯಂ ಪಾಲಿಯವರ ಪರಿಚಯವಾಯಿತು. ಅಂಥ ಕಾರ್ಖಾನೆ ಭಾರತದಲ್ಲೇಕೆ ಆಗಬಾರದೆಂಬ ಯೋಚನೆ ಅಲ್ಲಿಯೇ ಮೊಳೆಯಿತು. ಮೈಸೂರು ಸಂಸ್ಥಾನವು ಭೂಮಿಯನ್ನೂ ಬಂಡವಾಳವನ್ನೂ ನೀಡಿತು. ಕೋಲಾರದ ಚಿನ್ನದ ಗಣಿಗಳಿಗೆ 1902ರಿಂದಲೇ ಶಿವನಸಮುದ್ರದ ವಿದ್ಯುತ್ತನ್ನು ಒದಗಿಸಿದ್ದ ಸಂಸ್ಥಾನವಿದು. ಯಂತ್ರೋದ್ಯಮವು ಅದಕ್ಕೆ ಹೊಸದಾಗಿರಲಿಲ್ಲ. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮರುವರ್ಷವೇ ಅಲ್ಲಿ ಜೋಡಿಸಿದ ಮೊದಲ ವಿಮಾನವು ಹಾರಿತು.

ಅಹಿಂಸಾಧರ್ಮದಲ್ಲಿ ಹುಟ್ಟಿದವರು ಯುದ್ಧಕಾಲದಲ್ಲಿ ವಿಮಾನ ನಿರ್ಮಾಣಕ್ಕೆ ಕೈಹಾಕಬಹುದೇ ಎಂಬ ಶಂಕೆ ಸಹಜವಾದುದು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ತ್ಯಜಿಸಬೇಕೆಂದು ಹೇಳಿದೆ. ದೇಶರಕ್ಷಣೆಯು ವಿರೋಧೀ ಹಿಂಸೆಗೆ ಸೇರತಕ್ಕದ್ದು. ಆದರೂ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ. ಆಗ ಆಳುತ್ತಿದ್ದವರು ಪರಕೀಯರು, ಯುದ್ಧವೂ ಅವರದೇ. ವಾಲಚಂದರ ದೃಷ್ಟಿಯಿದ್ದುದು ಭಾರತೀಯರ ಕೈಗೆ ಆ ಕುಶಲತೆ ಬರಬೇಕೆಂಬುದರಲ್ಲಿ. ಹಡಗು, ವಿಮಾನ, ಮೋಟಾರು ಈ ಮೂರನ್ನೂ ಅವರು ಒಂದೇ ಹಂಬಲದಿಂದ ಬೆನ್ನಟ್ಟಿದರು.

ಜಪಾನಿನ ಸೇನೆ ಸಮೀಪಿಸಿದಂತೆ 1942ರಲ್ಲಿ ಸರ್ಕಾರವು ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ವಾಲಚಂದರು ತಮ್ಮ ಪಾಲನ್ನು ಬಿಟ್ಟುಕೊಟ್ಟರು. ಕಟ್ಟಿದ ಉದ್ಯಮವು ಎರಡು ವರ್ಷ ತುಂಬುವ ಮೊದಲೇ ಕೈತಪ್ಪಿತು. ಬೇರೊಬ್ಬರಾಗಿದ್ದರೆ ಎದೆಗುಂದುತ್ತಿದ್ದರೇನೋ, ಇವರು 1941ರಲ್ಲಿ ಅಸ್ತಿಭಾರವಾಗಿದ್ದ ವಿಶಾಖಪಟ್ಟಣದ ಹಡಗುಕಟ್ಟೆಯನ್ನು ಮುಂದುವರಿಸಿದರು, 1944ರಲ್ಲಿ ಪ್ರೀಮಿಯರ್ ಮೋಟಾರು ಕಂಪನಿಯನ್ನು ಆರಂಭಿಸಿದರು. 1948ರಲ್ಲಿ ವಿಶಾಖಪಟ್ಟಣದಲ್ಲಿ ಕಟ್ಟಿದ 'ಜಲ ಉಷಾ' ಹಡಗನ್ನು ಪ್ರಧಾನಿ ನೆಹರೂ ಅವರು ನೀರಿಗಿಳಿಸಿದರು.

1949ರಲ್ಲಿ ಪಾರ್ಶ್ವವಾಯು ತಗಲಿದ ವಾಲಚಂದರು 1950ರಲ್ಲಿ ವ್ಯವಹಾರದಿಂದ ನಿವೃತ್ತರಾದರು. ಪತ್ನಿ ಕಸ್ತೂರಬಾಯಿಯವರು ಸೇವೆಗೆ ನಿಂತರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅವರ ದೇಹಾಂತವಾಯಿತು.

ಬೆಂಗಳೂರಿನ ಕಾರ್ಖಾನೆಯು ಸ್ವಾತಂತ್ರ್ಯಾನಂತರ ವಿಮಾನಗಳ ಜೊತೆಗೆ ರೈಲು ಬೋಗಿಗಳನ್ನೂ ತಯಾರಿಸಿತು. ಆ ಬೋಗಿ ವಿಭಾಗವೇ 1965ರಲ್ಲಿ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಗೆ ಸೇರಿತು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೂ ಕೆ.ಜಿ.ಎಫ್.ನಲ್ಲಿ ಬುಲ್ಡೋಜರುಗಳನ್ನು ತಯಾರಿಸುತ್ತ ಬಂದುದು ಇದೇ ಸಂಸ್ಥೆಯ ಕಾರ್ಖಾನೆ.