ಸ್ವರಕ್ಕೆ ತಲೆಬಾಗಿದ ಸಾಧಕ: ಉಸ್ತಾದ ಅಬ್ದುಲ್ ಕರೀಮಖಾನ

ಸಂಗೀತ ಒಂದೇ ಆದರೂ ಅದರ ದಾರಿಗಳು ಹಲವು. ನಮ್ಮ ಕನ್ನಡ ನಾಡಿನಲ್ಲಂತೂ ಎರಡು ಹೆದ್ದಾರಿಗಳು ಕೂಡುತ್ತವೆ. ಮೈಸೂರು ಸೀಮೆಯಲ್ಲಿ ಕರ್ನಾಟಕ ಸಂಗೀತದ ಕೃತಿ ಕೀರ್ತನೆಗಳು; ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಹಿಂದುಸ್ತಾನಿಯ ಖಯಾಲು ಠುಮರಿಗಳು. ಎರಡು ಪದ್ಧತಿಗಳು ಹೀಗೆ ನೆರೆಹೊರೆಯಾಗಿರುವಲ್ಲಿ ತನ್ನದೇ ಹೆಚ್ಚೆಂಬ ಹಮ್ಮು ಹುಟ್ಟುವುದು ಸುಲಭ. ಸಭೆಯಲ್ಲಿ ಇನ್ನೊಬ್ಬರ ಸಂಗೀತವನ್ನು ಹೊಗಳಿ ಬರುವುದೂ ಸುಲಭವೇ. ಅದರ ಮುಂದೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳುವುದು ಮಾತ್ರ ಕಷ್ಟ. ಹಾಗೆ ಕುಳಿತ ಮಹನೀಯರಲ್ಲಿ ಉಸ್ತಾದ ಅಬ್ದುಲ್ ಕರೀಮಖಾನರು ಒಬ್ಬರು.

ಖಾನಸಾಹೇಬರು 1872ರಲ್ಲಿ ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ ಹುಟ್ಟಿದರು. ಆ ಊರಿನ ಹೆಸರಿನಿಂದಲೇ ಅವರ ಘರಾಣೆಗೆ ಕಿರಾಣಾ ಎಂಬ ಹೆಸರು ಬಂದಿತು. ಮನೆತನವೇ ಸಂಗೀತಗಾರರದು. ಎಳವೆಯಲ್ಲಿಯೇ ಸಾರಂಗಿಯನ್ನೂ ಗಾಯನವನ್ನೂ ಕಲಿತು, ತಾರುಣ್ಯದಲ್ಲಿ ಬಡೋದೆಯ ಆಸ್ಥಾನವನ್ನು ಸೇರಿದರು. ಅಲ್ಲಿ ಸರದಾರ ಮನೆತನದ ತಾರಾಬಾಯಿ ಮಾನೆಯವರ ಪ್ರೇಮಕ್ಕೆ ಪಾತ್ರರಾಗಿ, ಆಸ್ಥಾನದ ಆಶ್ರಯವನ್ನು ತೊರೆದು ಅವರೊಡನೆ ಹೊರಬಿದ್ದರು. ಮುಂದೆ ಹೆಸರಾದ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ ಇವರ ಮಕ್ಕಳೇ. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ಕೊನೆಗೆ ಮಿರಜ ಪಟ್ಟಣವೇ ಅವರ ಮನೆಯಾಯಿತು.

ಮಿರಜದಿಂದ ದಕ್ಷಿಣಕ್ಕೆ ಕನ್ನಡ ನಾಡು ದೂರವಲ್ಲ. ಮೈಸೂರಿನ ಅರಮನೆ ಅವರನ್ನು ಆದರದಿಂದ ಬರಮಾಡಿಕೊಂಡಿತು. ಹಾಡಿ ಬಿರುದು ಸಂಭಾವನೆಗಳನ್ನು ಪಡೆದು ಹಿಂದಿರುಗಿದ್ದರೆ ಅವರು ಬಂದುಹೋದ ಹಲವು ಗವಾಯಿಗಳಲ್ಲಿ ಒಬ್ಬರಾಗುತ್ತಿದ್ದರು. ಖಾನಸಾಹೇಬರು ಅಲ್ಲಿ ಹಾಡಿದ್ದು ಎಷ್ಟು ಮುಖ್ಯವೋ ಕೇಳಿದ್ದೂ ಅಷ್ಟೇ ಮುಖ್ಯ. ದಕ್ಷಿಣದ ವಿದ್ವಾಂಸರು ಸ್ವರಗಳ ಹೆಸರನ್ನೇ ಉಚ್ಚರಿಸುತ್ತ, ತಾಳದ ಲೆಕ್ಕ ತಪ್ಪದಂತೆ ಕಲ್ಪನಾಸ್ವರಗಳನ್ನು ಹೆಣೆಯುವ ಕ್ರಮ ಅವರ ಮನಸ್ಸನ್ನು ಸೆಳೆಯಿತು. ಅದನ್ನು ಅಭ್ಯಾಸ ಮಾಡಿ ತಮ್ಮ ಖಯಾಲಿನಲ್ಲಿ ಸರಗಮ್ಮಿಗೆ ಹೊಸ ಸ್ಥಾನವನ್ನು ಕೊಟ್ಟರು. ಹಳೆಯ ಸಂಪ್ರದಾಯವನ್ನು ನೆಚ್ಚಿದವರೆಲ್ಲರಿಗೂ ಇದು ಹಿಡಿಸಲಿಲ್ಲ. ಆದರೂ ಅವರು ಬಿಡಲಿಲ್ಲ. ತ್ಯಾಗರಾಜರ ಖರಹರಪ್ರಿಯ ರಾಗದ ತೆಲುಗು ಕೃತಿಯನ್ನೂ ಸಾವೇರಿ ರಾಗದ ಸ್ವರಗಳನ್ನೂ ಅವರು ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ್ದಾರೆ. ಉತ್ತರದ ಉಸ್ತಾದರೊಬ್ಬರು ದಕ್ಷಿಣದ ವಾಗ್ಗೇಯಕಾರನಿಗೆ ಸಲ್ಲಿಸಿದ ಕಾಣಿಕೆ ಅದು.

ಇಷ್ಟಾದರೂ ಅವರು ತಮ್ಮತನವನ್ನು ಕಳೆದುಕೊಳ್ಳಲಿಲ್ಲ. ದಕ್ಷಿಣದ ಗಾಯನದಲ್ಲಿ ಸ್ವರವು ಗಮಕದಿಂದ ತೂಗಾಡುತ್ತದೆ. ಕಿರಾಣಾ ಗಾಯಕಿಯಲ್ಲಿ ಒಂದು ಸ್ವರದ ಮೇಲೆ ನಿಂತು ಅದರ ಮಾಧುರ್ಯವನ್ನೆಲ್ಲ ಹೊರಗೆಡಹುತ್ತಾರೆ. ಖಾನಸಾಹೇಬರು ಕಡೆಯವರೆಗೂ ಕಿರಾಣಾ ಗಾಯಕರೇ. ಬೇರೆಯವರಿಂದ ಕಲಿತರೆ ನಮ್ಮದು ಕೆಡುತ್ತದೆಂಬ ಅಂಜಿಕೆ ಅವರಿಗಿರಲಿಲ್ಲ.

ಕುಂದಗೋಳದ ರಾಮಭಾವು ಅವರಿಂದ ಕಲಿತು ಸವಾಯಿ ಗಂಧರ್ವರೆಂದು ಖ್ಯಾತರಾದರು. ಧಾರವಾಡದಲ್ಲಿ ಖಾನಸಾಹೇಬರು ಇನ್ನೊಂದು ಮನೆಗೂ ಹೋಗುತ್ತಿದ್ದರು. ಅದು ಕರ್ನಾಟಕ ಸಂಗೀತದ ಗಾಯಕಿ ಅಂಬಾಬಾಯಿಯವರ ಮನೆ. ಹಾಡುವ ಹೆಂಗಸರನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ಕಾಲವದು. ಅಂಥ ದಿನಗಳಲ್ಲಿ ಇಷ್ಟು ದೊಡ್ಡ ಉಸ್ತಾದರು ತಾವಾಗಿ ಬಂದು, ಕುಳಿತು, ಆಕೆಯ ಹಾಡನ್ನು ಕೇಳುತ್ತಿದ್ದರು. ಕೇಳುವಾಗ ತಾವು ತಂಜಾವೂರಿನಲ್ಲಿ ಇದ್ದಂತೆ ಅವರಿಗೆ ಅನಿಸುತ್ತಿತ್ತಂತೆ. ಇದನ್ನು ನೆನೆದು ಹೇಳಿದವರು ಅಂಬಾಬಾಯಿಯವರ ಮಗಳು, ಮುಂದೆ ಜಗತ್ಪ್ರಸಿದ್ಧರಾದ ಗಂಗೂಬಾಯಿ ಹಾನಗಲ್ಲ.

ಈ ಕತೆಗೆ ಇನ್ನೊಂದು ಮುಖವೂ ಇದೆ. ಮಗಳಿಗೆ ಹಿಂದುಸ್ತಾನಿಯಲ್ಲಿ ಒಲವಿದ್ದುದನ್ನು ಕಂಡ ಅಂಬಾಬಾಯಿ, ತನ್ನ ಧಾಟಿ ಮಗುವಿನ ಕಿವಿಗೆ ಬಿದ್ದು ಅದರ ಸಾಧನೆಗೆ ತೊಡಕಾಗಬಾರದೆಂದು ತನ್ನ ಹಾಡನ್ನೇ ನಿಲ್ಲಿಸಿಬಿಟ್ಟರು. ಅವರು 1932ರಲ್ಲಿ ತೀರಿಕೊಂಡರು. ಮಗಳು ಸವಾಯಿ ಗಂಧರ್ವರ ಶಿಷ್ಯೆಯಾಗಿ, ಖಾನಸಾಹೇಬರ ಘರಾಣೆಯ ಕೀರ್ತಿಯನ್ನು 2009ರವರೆಗೆ ಬದುಕಿ ಬೆಳಗಿದರು. ಉಸ್ತಾದರು ಅಂಬಾಬಾಯಿಯವರ ಸಂಗೀತಕ್ಕೆ ಕೊಟ್ಟದ್ದು ತಮ್ಮ ಕಿವಿಯನ್ನು. ಆಕೆ ಉಸ್ತಾದರ ಸಂಗೀತಕ್ಕೆ ಕೊಟ್ಟದ್ದು ತನ್ನ ಕಂಠವನ್ನೇ. ಯಾರ ಕೊಡುಗೆ ದೊಡ್ಡದು? ಉಸ್ತಾದರ ಹೆಸರು ನಾಡೆಲ್ಲ ಹಬ್ಬಿದೆ. ಅಂಬಾಬಾಯಿಯವರ ಹೆಸರು ಮಗಳ ಹೆಸರಿನ ಜೊತೆಗಷ್ಟೇ ಕೇಳಿಬರುತ್ತದೆ. ಒಂದು ಸಂಗೀತ ಬೆಳೆಯಲು ಇನ್ನೊಂದು ಮೌನ ತಾಳಬೇಕಾದರೆ, ಗೌರವದ ತಕ್ಕಡಿ ಎಲ್ಲಿಯೋ ಒಂದು ಕಡೆ ವಾಲಿದೆ ಎಂದೇ ನನಗೆ ತೋರುತ್ತದೆ.

1937ರಲ್ಲಿ ಖಾನಸಾಹೇಬರು ಮದರಾಸಿಗೆ ಹೋಗಿದ್ದರು. ಅಲ್ಲಿಂದ ಪಾಂಡಿಚೇರಿಗೆ ಹೊರಟಾಗ ರೈಲಿನಲ್ಲಿ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದರು. ಅಂತ್ಯ ಸಮೀಪಿಸಿತೆಂದು ಅರಿತು, ತಂಬೂರಿಯನ್ನು ಶ್ರುತಿ ಮಾಡಿಸಿ, ದರಬಾರಿ ಕಾನಡಾ ರಾಗದಲ್ಲಿ ದೇವರನ್ನು ಪ್ರಾರ್ಥಿಸುತ್ತ ಅಕ್ಟೋಬರ್ 27ರಂದು ಕಣ್ಣು ಮುಚ್ಚಿದರು. ಯಾವ ನಾಡಿನ ಸಂಗೀತಕ್ಕೆ ತಲೆಬಾಗಿದ್ದರೋ ಆ ದಕ್ಷಿಣದ ಮಣ್ಣಿನಲ್ಲಿಯೇ ಅವರ ಕೊನೆಯ ಹಾಡು ಮುಗಿಯಿತು. ಅವರ ಸಮಾಧಿ ಮಿರಜದ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಅಲ್ಲಿ ಅವರ ನೆನಪಿಗಾಗಿ ವರ್ಷವರ್ಷವೂ ಸಂಗೀತಗಾರರು ಕೂಡಿ ಹಾಡುತ್ತ ಬಂದಿದ್ದಾರೆ.

ಈ ಜೀವನದಿಂದ ನಾವು ಕಲಿಯಬೇಕಾದದ್ದು ಏನು? ನಮ್ಮ ಬಾಗಲವಾಡದ ಸೀಮೆಯೂ ಹಾಡಿಗೆ ಬಡವಲ್ಲ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ನೆಲೆಸಿದ ಮಾನವಿ ನಮ್ಮ ಪಕ್ಕದಲ್ಲಿದೆ. ದಾಸರ ಪದ, ತತ್ವಪದ, ಮೊಹರಮ್ಮಿನ ಅಲಾವಿ ಪದಗಳನ್ನು ಇಲ್ಲಿಯ ಜನ ಇಂದಿಗೂ ಹಾಡುತ್ತಾರೆ. ನನ್ನಂತೆ ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಒಂದು ಅಪಾಯವಿದೆ. ಪುಸ್ತಕದಲ್ಲಿ ಇರುವುದೇ ವಿದ್ಯೆ, ಅಕ್ಷರ ಬಾರದ ಹಿರಿಯರು ಬೀಸುವಾಗ ಹಾಡುವುದು ವಿದ್ಯೆಯಲ್ಲ ಎಂಬ ಭ್ರಮೆಯೇ ಆ ಅಪಾಯ. ಅರಮನೆಗಳ ಮನ್ನಣೆ ಪಡೆದ ಉಸ್ತಾದರು ಅಂಬಾಬಾಯಿಯವರ ಮನೆಯಲ್ಲಿ ಕೇಳುಗರಾಗಿ ಕುಳಿತರು. ಪದವಿ ಪಡೆಯಲಿರುವ ನಾವು ನಮ್ಮ ಅಜ್ಜಿಯಂದಿರ ಮುಂದೆ ಒಂದು ಗಳಿಗೆ ಹಾಗೆ ಕುಳಿತರೆ ನಮ್ಮ ಪದವಿಗೆ ಕುಂದೇನೂ ಬಾರದು. ಅವರು ಹಾಡು ನಿಲ್ಲಿಸುವ ಮೊದಲೇ ಕುಳಿತುಕೊಳ್ಳೋಣ.